ಗೇರಕ್ಕನ ಎದೆಗಂಟು

ಬಸ್ ಡಿಪೋದ ನೂರಾ ಹತ್ತು ಡ್ರೈವರುಗಳಲ್ಲಿ ಅವಳೊಬ್ಬಳೇ ಹೆಂಗಸು. ಗೇರು ಹಾಕೋ ಅಕ್ಕ ಅಂತ ಎಲ್ಲರಿಗೂ ಅವಳು ಗೇರಕ್ಕ. ವಯಸ್ಸು ಮೂವತ್ತೊಂಬತ್ತು, ಬಾಯಿ ಸ್ವಲ್ಪ ಜೋರು. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಹೆಣ್ಣು ಓಡಿಸೋ ಬಸ್ಸಲ್ಲಿ ಕೂರಲ್ಲ ಎಂದ ಮುದುಕನಿಗೆ, "ಇಳೀರಿ ತಾತ, ಬಾಗಿಲು ದೊಡ್ಡದಿದೆ" ಅಂದವಳು.

ಆ ವರ್ಷ ಎದೆ ನೋಯತೊಡಗಿತು. ತಿರುವಿನಲ್ಲಿ ಸ್ಟೀರಿಂಗ್ ಎಳೆದರೆ ಚುಚ್ಚುತ್ತಿತ್ತು. ಸೀಟ್ ಬೆಲ್ಟ್ ಒತ್ತಿದ ಕಡೆ ಕೈ ಇಡಲಾಗುತ್ತಿರಲಿಲ್ಲ. ಒಂದು ಬೆಳಿಗ್ಗೆ ಸ್ನಾನ ಮಾಡುವಾಗ ಎಡಗಡೆ ಗೋಲಿಯಷ್ಟು ಗಂಟು ಬೆರಳಿಗೆ ಸಿಕ್ಕಿತು.

ಅತ್ತೆಗೆ ಹೇಳಿದಳು. ಅತ್ತೆ ಮೊದಲು ಮಾಡಿದ ಕೆಲಸ ಕಿಟಕಿ ಮುಚ್ಚಿದ್ದು.

"ಯಾರ ಹತ್ರಾನೂ ಬಾಯಿ ಬಿಡಬೇಡ ಕಣೇ. ಅಂಥ ಜಾಗದ ಮಾತು ಹೊಸಿಲು ದಾಟಬಾರದು. ಶಾಖ ಕೊಟ್ಕೋ, ಕರಗುತ್ತೆ."

"ಬಸ್ಸಲ್ಲಿ ಕಟಕಟ ಸದ್ದು ಬಂದ್ರೆ ಬಾನೆಟ್ ಎತ್ತಿ ನೋಡ್ತೀನಿ ಅತ್ತೆ, ರೇಡಿಯೋ ಜೋರು ಮಾಡಲ್ಲ" ಎಂದು ಅವಳು ಚಪ್ಪಲಿ ಮೆಟ್ಟಿದಳು.

ಬೀದಿ ಕೊನೆಯ ಕ್ಲಿನಿಕ್ಕಿನ ಡಾಕ್ಟರು ತಲೆಯನ್ನೂ ಎತ್ತಲಿಲ್ಲ. "ಹೆಂಗಸರಿಗೆ ಇದೆಲ್ಲ ಇದ್ದದ್ದೇ" ಎಂದು ನೋವಿನ ಮಾತ್ರೆ ಗೀಚಿ ಚೀಟಿ ಮುಂದಕ್ಕೆ ತಳ್ಳಿದರು.

ಅವಳು ಚೀಟಿ ಮುಟ್ಟಲಿಲ್ಲ. "ಇದ್ದದ್ದೇ ಇರಬಹುದು ಸಾರ್. ಪರೀಕ್ಷೆ ಮಾಡದೆ ನಿಮಗೆ ಹೇಗೆ ಗೊತ್ತಾಯ್ತು? ಸ್ಕ್ಯಾನಿಗೆ ಬರೀರಿ. ಬರೆಯೋ ತನಕ ಈ ಕುರ್ಚಿ ಬಿಡಲ್ಲ."

ಹೊರಗೆ ಸಾಲು ಗೊಣಗುತ್ತಿತ್ತು. ಡಾಕ್ಟರು ಬರೆದರು.

ದೊಡ್ಡಾಸ್ಪತ್ರೆಯ ಡಾಕ್ಟರಮ್ಮ ಎರಡೂ ಎದೆ, ಕಂಕುಳು ಎಲ್ಲ ಒತ್ತಿ ನೋಡಿ ಸ್ಕ್ಯಾನ್ ಮಾಡಿಸಿದರು. "ನೀರು ತುಂಬಿದ ಪುಟ್ಟ ಚೀಲ, ಕ್ಯಾನ್ಸರ್ ಅಲ್ಲ" ಎಂದು ಸೂಜಿಯಲ್ಲಿ ನೀರು ತೆಗೆದರು. ಗಂಟು ಇಳಿಯಿತು.

"ಹಾಗಾದ್ರೆ ನೋವು ಯಾಕೆ?"

"ಹಾರ್ಮೋನು ತಿಂಗಳು ತಿಂಗಳು ಏರಿ ಇಳಿಯುತ್ತಲ್ಲ, ಅದರ ಆಟ. ಮುಟ್ಟಿಗೆ ಮುಂಚೆ ಎದೆ ಬಿಗಿದು ನೋಯುತ್ತೆ, ಆಮೇಲೆ ಸಡಿಲ ಆಗುತ್ತೆ. ನೋವು ಬಂದ ದಿನ ಗುರುತು ಹಾಕಿ. ಅಳತೆಗೆ ಸರಿಯಾದ ಬ್ರಾ ಹಾಕಿ. ಆದ್ರೆ ಹೊಸ ಗಂಟು ಸಿಕ್ಕರೆ, ಮೊಲೆತೊಟ್ಟಿಂದ ರಕ್ತ ಬಂದ್ರೆ, ಚರ್ಮ ಒಳಕ್ಕೆ ಎಳೆದ ಹಾಗೆ ಕಂಡ್ರೆ ತಡ ಮಾಡದೆ ಬನ್ನಿ. ಬರೀ ಕೈಯಲ್ಲಿ ಮುಟ್ಟಿ ಇದು ಒಳ್ಳೇದು, ಇದು ಕೆಟ್ಟದ್ದು ಅಂತ ನನಗೇ ಹೇಳಕ್ಕಾಗಲ್ಲ."

ನಡುಮನೆಯ ಕ್ಯಾಲೆಂಡರಿನಲ್ಲೇ ಕೆಂಪು ಪೆನ್ಸಿಲಿನ ಗುರುತುಗಳು ಬಿದ್ದವು. ಯಾರಾದರೂ ಬಂದರೆ ಅತ್ತೆ ಕ್ಯಾಲೆಂಡರನ್ನು ಗೋಡೆಗೆ ಮುಖ ಮಾಡಿಸುತ್ತಿದ್ದರು. ಇವಳು ಬಂದವರ ಎದುರೇ ಮತ್ತೆ ಈಚೆಗೆ ತಿರುಗಿಸುತ್ತಿದ್ದಳು. ಮೂರು ತಿಂಗಳ ಲೆಕ್ಕ ಒಂದೇ: ಮುಟ್ಟಿಗೆ ಎಂಟು ಹತ್ತು ದಿನ ಮುಂಚೆ ನೋವು, ಆಮೇಲೆ ಮಾಯ.

ಒಂದು ಮಧ್ಯಾಹ್ನ ಬಟ್ಟೆ ಮಡಿಸುತ್ತ ಅತ್ತೆ ಕೇಳಿದರು, "ಆ ಡಾಕ್ಟರಮ್ಮ ಯಾವತ್ತು ಇರ್ತಾರೆ?"

"ಯಾಕತ್ತೆ?"

"ನನಗೂ ಒಂದು ಗಂಟಿದೆ. ಎರಡು ವರ್ಷ ಆಯ್ತು."

ಗೇರಕ್ಕನಿಗೆ ಸಿಟ್ಟೂ ಅಳುವೂ ಒಟ್ಟಿಗೇ ಬಂತು. "ನಿಮಗೆ ಮುಟ್ಟು ನಿಂತು ಎಷ್ಟು ವರ್ಷ ಆಯ್ತು! ನಿಮ್ಮದನ್ನ ತಿಂಗಳ ನೋವು ಅಂತ ಬಿಡೋ ಹಾಗೇ ಇಲ್ಲ. ಏಳಿ."

"ಇವತ್ತೇನಾ?"

"ಎರಡು ವರ್ಷದ ಹಿಂದೆ ಹೋಗಬೇಕಿತ್ತು. ಇವತ್ತೇ."

ಸ್ಕ್ಯಾನ್ ಆಯಿತು, ಸೂಜಿ ಪರೀಕ್ಷೆಯೂ ಆಯಿತು. ವರದಿ ಬರಲು ಹತ್ತು ದಿನ. ಆ ಹತ್ತು ದಿನವನ್ನೂ ಸೊಸೆ ಕ್ಯಾಲೆಂಡರಿನಲ್ಲಿ ಒಂದೊಂದಾಗಿ ಹೊಡೆದುಹಾಕಿದಳು; ಅತ್ತೆ ಅದನ್ನು ಗೋಡೆಗೆ ತಿರುಗಿಸಲಿಲ್ಲ. ಕೊನೆಗೆ ಬಂದದ್ದು ಕೊಬ್ಬಿನ ಗಂಟು, ಅಪಾಯವಿಲ್ಲ. ಡಾಕ್ಟರಮ್ಮ ಮಾತ್ರ ಇಷ್ಟು ತಡ ಮಾಡಿದ್ದಕ್ಕೆ ಚೆನ್ನಾಗಿ ಬೈದು ಕಳಿಸಿದರು.

ಮನೆ ಬಾಗಿಲ ಬಳಿ ಪಕ್ಕದ ಮನೆಯಾಕೆ ಸಿಕ್ಕಳು. "ಅತ್ತೆ ಸೊಸೆ ಎಲ್ಲಿಗೆ ಹೋಗಿದ್ರಿ?"

ಸೊಸೆ ಬಾಯಿ ತೆರೆಯುವ ಮೊದಲೇ ಅತ್ತೆ ಬೀದಿಗೆಲ್ಲ ಕೇಳುವ ಹಾಗೆ ಅಂದರು:

"ಎದೆ ಪರೀಕ್ಷೆ ಮಾಡಿಸ್ಕೊಂಡು ಬಂದ್ವಿ. ನೀನು ಯಾವತ್ತಾದ್ರೂ ಮಾಡಿಸಿದ್ದೀಯಾ?"