ಪೆಟ್ರೋಲಿನಲ್ಲಿ ನೆನೆದ ಮದುವೆ ಕಾರ್ಡು

ಶಿರಾಳಕೊಪ್ಪದಲ್ಲಿ ಹಳೆಯ ಬೈಕುಗಳನ್ನಷ್ಟೇ ರಿಪೇರಿ ಮಾಡುತ್ತಿದ್ದ ಮೆಕ್ಯಾನಿಕ್ ಒಬ್ಬರಿದ್ದರು. ಅಂಗಡಿಯ ಕಿಟಕಿಯಲ್ಲಿ ಸಾಲಾಗಿ ಪೆಟ್ರೋಲ್ ಬಾಟಲಿಗಳು. ಒಂದೊಂದರಲ್ಲೂ ರಬ್ಬರ್ ರಿಂಗು, ಇಲ್ಲವೇ ರಟ್ಟಿನ ಚೂರು. ಪೆಟ್ರೋಲ್ ಸೋರದಂತೆ ತಡೆಯಲು ಯಾವ ಸೀಲು ಒಳ್ಳೆಯದೆಂದು ಕೇಳಿದರೆ, "ಪೆಟ್ರೋಲ್ ಏನಂತೈತೋ ನೋಡಾಣ್ರೀ" ಎನ್ನುವರು. ವಾರ ನೆನೆದರೂ ಉಬ್ಬದಿದ್ದರೆ ಮಾತ್ರ ಅದು ಬೈಕು ಸೇರುತ್ತಿತ್ತು.

ನನ್ನ ಮಗಳ ಮದುವೆಗೆ ಕರೆಯಲು ಹೋದಾಗ ಅವರು ಕಾರ್ಡನ್ನು ಓದಲೇ ಇಲ್ಲ. ಬೆರಳುಗಳ ನಡುವೆ ತಿಕ್ಕಿ ದಪ್ಪ ನೋಡಿದರು. ಅಂಚಿನ ಚೂರೊಂದನ್ನು ಹರಿದು ಬಾಟಲಿಗೆ ಹಾಕಿದರು. ನನಗೆ ಸಿಟ್ಟೇ ಬಂತು. ಮದುವೆಗೆ ಮಾತ್ರ ಎಲ್ಲರಿಗಿಂತ ಮೊದಲು ಬಂದಿದ್ದರು.

ಮುಂದಿನ ತಿಂಗಳು ನನ್ನ ಬೈಕಿನ ಕಾರ್ಬುರೇಟರ್‌ನಿಂದ ಪೆಟ್ರೋಲ್ ಸೋರತೊಡಗಿತು; ಅವರ ಅಂಗಡಿಗೆ ಒಯ್ದೆ. "ನಿಮ್ ಕಾರ್ಡು ಪಾಸಾಗೈತ್ರೀ" ಎಂದು ನಕ್ಕು, ಕಾರ್ಡಿನಲ್ಲಿ ವಧೂವರರ ಹೆಸರುಗಳಿದ್ದ ಭಾಗವನ್ನು ಕತ್ತರಿಸಿ ಒಂದು ಡಬ್ಬಿಗೆ ಹಾಕಿದರು. ಉಳಿದ ರಟ್ಟನ್ನು ಕಾರ್ಬುರೇಟರ್ ಮೇಲಿಟ್ಟು ಅಂಚಿನುದ್ದಕ್ಕೂ ಸಣ್ಣ ಸುತ್ತಿಗೆಯಿಂದ ಬಡಿದರು; ರಟ್ಟು ಆ ಅಂಚಿನಲ್ಲೇ ತುಂಡಾಗಿ, ಸೋರಿಕೆ ತಡೆಯುವ ಗ್ಯಾಸ್ಕೆಟ್ ಅಳತೆಗೆ ಸರಿಯಾಗಿ ಸಿದ್ಧವಾಯಿತು.

ನಾನು ಡಬ್ಬಿಯೊಳಗೆ ಇಣುಕಿದೆ. ಅದರ ತುಂಬ ಯಾರ್ಯಾರದೋ ಮದುವೆಯ ವಧೂವರರ ಹೆಸರುಗಳು.

"ಇವನ್ನೆಲ್ಲ ಯಾಕೆ ಇಟ್ಕೊಂಡಿದೀರಿ?" ಎಂದೆ.

"ಹೆಸರಿನ ಮ್ಯಾಲೆ ಸುತ್ತಿಗೆ ಬಡಿಯಾಕಾಗ್ತೈತೇನ್ರೀ?" ಎಂದರು.