ನೋವಿಗೆ ನಾಲ್ಕನೇ ಸೀಟು

'ಕಣ್ಣ್ ಮುಚ್ಕೋರಿ ಅಕ್ಕಾರ. ಮನಸ್ಸಿಗೆ ತಂಪ್ ಅನಸೂ ಜಾಗಾ ನೆನಸ್ಕೋರಿ,' ಅಂದರು ಶಹನಾಜ್ ಸಿಸ್ಟರ್.

ಮುಚ್ಚಿದೆ. ನನಗೆ ಕಂಡದ್ದೇನು ಗೊತ್ತೇ? ಸಮುದ್ರವಲ್ಲ, ಹೂದೋಟವಲ್ಲ. ಖಾಲಿ ಲೋಕಲ್ ಟ್ರೇನು! ಆಫೀಸ್ ಟೈಮಿನ ಲೇಡೀಸ್ ಡಬ್ಬಾದಲ್ಲಿ ನಾನೊಬ್ಬಳೇ. ಕಿಟಕಿ ಸೀಟು, ಮುಖಕ್ಕೆ ಗಾಳಿ, ಎದುರಿನ ಸೀಟಿನ ಮೇಲೆ ಚಾಚಿದ ಕಾಲು. ಗಾಡಿ ಯಾವ ಸ್ಟೇಷನ್ನಿನಲ್ಲೂ ನಿಲ್ಲದೆ, ಸದ್ದೇ ಮಾಡದೆ, ತೇಲಿಕೊಂಡು ಹೋಗುತ್ತಿತ್ತು. (ಮುಂಬಯಿಯವರ ಸ್ವರ್ಗ ಇಷ್ಟೇ ನೋಡಿ. ದೇವೇಂದ್ರನೇ ಬಂದು ನಿಂತರೂ ಸೀಟು ಬಿಡುವವರಲ್ಲ ನಾವು.)

ಸಿಸ್ಟರ್‌ಗೆ ಹೇಳಿದೆ. ಬಿದ್ದು ಬಿದ್ದು ನಕ್ಕರು.

ಇದು ನಡೆದದ್ದು ಭಾಂಡುಪ್‌ನ ನಮ್ಮ ಬಿಲ್ಡಿಂಗ್ ಹಿಂದಿನ ಸಣ್ಣ ದವಾಖಾನೆಯಲ್ಲಿ. ವರ್ಷಗಳಿಂದ ನನಗೆ ಸೊಂಟನೋವು. ಎಕ್ಸ್‌ರೇ ಆಯಿತು, ಎಂಆರ್‌ಐ ಆಯಿತು, ಕೊಯ್ಯುವಂಥದ್ದು ಏನೂ ಇಲ್ಲವೆಂದೂ ಆಯಿತು. ಡಾಕ್ಟರು ಒಳ್ಳೆಯವರು. ಆದರೆ ಹೊರಗೆ ಅಷ್ಟುದ್ದ ಕ್ಯೂ. 'ಇದರ ಜೊತೆ ಬದುಕೋದು ಕಲೀಬೇಕು, ಸಿಸ್ಟರ್ ಹೇಳಿಕೊಡ್ತಾರೆ,' ಎಂದು ಪಕ್ಕದ ರೂಮಿಗೆ ಕಳಿಸಿದರು. ಅಲ್ಲಿ ಸಿಕ್ಕವರೇ ವಿಜಯಪುರದ ಈ ಶಹನಾಜ್.

ಮನೆಯಲ್ಲಿ ಆಗಲೇ ತೀರ್ಪು ಹೊರಬಿದ್ದಿತ್ತು. 'ಸಾಕ್ ಮಾಡು ಇನ್ನ. ನೌಕ್ರಿ ಬಿಟ್ಟು ಆರಾಮ ಮನ್ಯಾಗಿರು,' ಎಂದು ನಮ್ಮ ಧಾರವಾಡದ ಯಜಮಾನರು. ಪ್ರೀತಿಯೇ, ಇಲ್ಲವೆನ್ನುವುದಿಲ್ಲ. ಆದರೆ ಫೋರ್ಟಿನ ಆಫೀಸಿನ ನನ್ನ ಟೇಬಲ್, ಸಂಜೆಯ ಉಡುಪಿ ಹೋಟೆಲಿನ ಕಾಫಿ, ಟ್ರೇನ್ ಫ್ರೆಂಡ್ಸ್ ಜೊತೆಗಿನ ಹರಟೆ, ಇವೆಲ್ಲ ಹೋದರೆ ನನಗೆ ಉಳಿಯುವುದೇನು? ಹಾಸಿಗೆ, ಫ್ಯಾನು, ನೋವು. ರಜೆ ಹಾಕಿ ಮಲಗಿದಾಗ ಆ ಫ್ಯಾನನ್ನು ಬೇಕಾದಷ್ಟು ನೋಡಿದ್ದೇನೆ. ಸೊಂಟಕ್ಕಿಂತ ಈ ಹೆದರಿಕೆಯೇ ಹೆಚ್ಚು ಹಿಂಡುತ್ತಿತ್ತು.

ಎಲ್ಲಿ ನೋವು, ಎಷ್ಟು ನೋವು ಎಂದು ಎಲ್ಲರೂ ಕೇಳಿದ್ದರು. ಸಿಸ್ಟರ್ ಕೇಳಿದ್ದು ಬೇರೆ.

'ನೋವ್ ಕಡಿಮಿ ಇದ್ದ ದಿನ ಏನ್ ಮಾಡ್ತೀರಿ?'

ಅಯ್ಯೋ, ಅದೊಂದು ಕೇಳಬೇಡಿ! ಅಂದು ನನ್ನ ಮೈಮೇಲೆ ದೇವರು ಬರುತ್ತದೆ. ಮನೆಯ ಪರದೆಗಳೆಲ್ಲ ಬಕೆಟ್ಟಿಗೆ. ಸ್ಟೂಲ್ ಹತ್ತಿ ಲಾಫ್ಟ್ ಕ್ಲೀನಿಂಗ್. ಕೈ ತೊಳೆದವಳೇ ಚಕ್ಕುಲಿಗೆ ಎಣ್ಣೆ ಇಟ್ಟಿರುತ್ತೇನೆ. ಮರುದಿನ? ಹಾಸಿಗೆ.

'ನೋವಿದ್ದ ದಿನ ನೀವು ಭಾಳ ಶಾಣ್ಯಾರು. ಇಲ್ಲದ ದಿನಾನ ಹುಚ್ಚ್ ಹಿಡಿತದ ನಿಮಗ. ಅರ್ಧಾ ಪಡದಾ ಇವತ್ತ ತೊಳೀರಿ, ಅರ್ಧಾ ನಾಳಿಗೆ ಬಿಡ್ರಿ.'

ಅರ್ಧ! ಉತ್ತರ ಕರ್ನಾಟಕದ ಹೆಂಗಸಿಗೆ ಅರ್ಧ ಕೆಲಸ ಮಾಡಿ ಕೂರು ಎನ್ನುವುದೇ? ಗುಳಿಗೆ ನುಂಗುವುದು ಇದಕ್ಕಿಂತ ಸುಲಭ.

'ಅದೆಲ್ಲಾ ಇರ್ಲಿ ಸಿಸ್ಟರ್, ನೋವು ಹೋಗೂದು ಯಾವಾಗ?' ಕೇಳಿಯೇಬಿಟ್ಟೆ.

ಅವರು ನನ್ನ ಕೈ ಹಿಡಿದುಕೊಂಡರು. 'ಪೂರಾ ಹೋಗ್ತದ ಅಂತ ಸುಳ್ಳ್ ಹೇಳಂಗಿಲ್ರಿ. ಲೋಕಲ್‌ದಾಗ ಮೂರ್ ಮಂದಿ ಸೀಟಿಗೆ ನಾಕನೇದಾಕಿ ಬಂದು "ಜರಾ ಸರಕೋ, ಚೂರ್ ಸರೀರಿ" ಅಂತಾಳಲ್ಲ, ಬ್ಯಾಡ ಅಂದ್ರ ಬಿಡ್ತಾಳೇನು? ಅಂಚಿಗರ ಕೂತೇ ಬಿಡ್ತಾಳ. ಕೂಡ್ಲಿ. ಆದ್ರ ಖಿಡಕಿ ಸೀಟ್ ಮಾತ್ರ ಬಿಟ್ಟುಕೊಡಬ್ಯಾಡ್ರಿ.'

ನನಗೆ ಅಳು ಬಂತು. ನೋವೂ ಇರುತ್ತದೆ, ನಾನೂ ಇರುತ್ತೇನೆ ಎಂದು ಯಾರೂ ಹೇಳಿರಲಿಲ್ಲ. ಗುಳಿಗೆ ಮೆಡಿಕಲ್ ಸ್ಟೋರಿನಲ್ಲಿ ಸಿಗುತ್ತದೆ. ನಾಳೆ ಎದ್ದು ಸ್ಟೇಷನ್ನಿಗೆ ನಡೆಯುವ ಧೈರ್ಯ ಎಲ್ಲಿ ಸಿಗುತ್ತದೆ? ದವಾಖಾನೆಯ ಬೋರ್ಡಿನಲ್ಲಿ ಡಾಕ್ಟರ ಹೆಸರಿದೆ, ಡಿಗ್ರಿಯಿದೆ, ಟೈಮಿಂಗ್ ಇದೆ. ಸಿಸ್ಟರ್ ಹೆಸರು ಎಲ್ಲಿದೆ ಎಂದು ಹುಡುಕಿದೆ. ಇಲ್ಲ.

ಕೆಲಸ ಬಿಟ್ಟಿಲ್ಲ. ಥಾಣೆಯಿಂದ ಬರುವ ಗೆಳತಿಯರು ನನಗಾಗಿ ಕಿಟಕಿ ಸೀಟು ಹಿಡಿದಿಡುತ್ತಾರೆ. ಕೂತು ಕಣ್ಣು ಮುಚ್ಚಿ, ಸಿಸ್ಟರ್ ಕಲಿಸಿದ ಹಾಗೆ ನಿಧಾನ ಉಸಿರು ಎಳೆದು ಬಿಡುತ್ತೇನೆ. ಕಾಂಜೂರ್, ವಿಕ್ರೋಳಿ, ಘಾಟ್‌ಕೋಪರ್ ಅರೆನಿದ್ದೆಯಲ್ಲೇ ತೇಲಿ ಹೋಗುತ್ತವೆ. (ಮನೆಯಲ್ಲಿ ಅರ್ಧ ಪರದೆ ಇನ್ನೂ ಬಕೆಟ್ಟಿನಲ್ಲಿದೆ. ಇರಲಿ.)

ಮೊನ್ನೆ ಶನಿವಾರ ಗಾಡಿ ತುಸು ಹಗುರವಿತ್ತು. ಸಾಯನ್‌ನಲ್ಲಿ ಕಣ್ಣು ಬಿಟ್ಟರೆ, ಹ್ಯಾಂಡಲ್ ಹಿಡಿದು ನಿಂತಿದ್ದಾರೆ ಶಹನಾಜ್ ಸಿಸ್ಟರ್! ಮನೆ ಆಂಟಾಪ್ ಹಿಲ್‌ನಲ್ಲಂತೆ, ಅಂದು ರಜೆಯಂತೆ, ಫೋರ್ಟಿನಲ್ಲಿ ಏನೋ ಕೆಲಸವಂತೆ. ವಾರವಿಡೀ ನಮ್ಮಂಥವರಿಗಾಗಿ ನಿಂತವರು ರಜೆಯ ದಿನವೂ ನಿಂತೇ ಹೋಗಬೇಕೆ? ನನಗೆ ತಡೆಯಲಿಲ್ಲ. 'ಸರಕೋ, ಸರಕೋ,' ಎಂದು ಗೆಳತಿಯರನ್ನು ಒತ್ತರಿಸಿದೆ. ಸಿಸ್ಟರ್ ಅಂಚಿಗೆ ಕೂತು ಉಸ್ಸೆಂದರು.

'ಹೆಂಗದ ಅಕ್ಕಾರ ನೋವು? ಇವತ್ತೂ ಬಂದದೇನು?'

'ಬಂದಿತ್ರಿ ಸಿಸ್ಟರ್, ಇಲ್ಲೇ ನಾಕನೇ ಸೀಟಿನ್ಯಾಗ ಕೂತಿತ್ತು. ನೀವ್ ಬಂದ್ರಿ ಅಂತ ಎಬ್ಬಿಸಿ ನಿಂದ್ರಿಸೀನಿ.'