ಗೋಡೆಯ ಬುಡಕ್ಕೊಂದು ಸ್ಮೂಟ್

ಸ್ವೇಲ್‌ಡೇಲ್ ಕಣಿವೆಗೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಅರವತ್ತಮೂರರ ಹಿಲ್ಡಾ ಆಲ್ಡರ್‌ಸನ್ ಕುಸಿದ ಗೋಡೆಯ ಮುಂದೆ ಮಂಡಿಯೂರಿ ಕಲ್ಲು ಆರಿಸುತ್ತಿದ್ದಾರೆ. ಎರಡು ವರ್ಷದಲ್ಲಿ ಇದೇ ಜಾಗ ಬೀಳುತ್ತಿರುವುದು ಮೂರನೇ ಸಲ. ಗೋಡೆಯ ಕೆಳಗೇ ನಮ್ಮೂರ ಮಕ್ಕಳು ಶಾಲೆಗೆ ನಡೆಯುವ ದಾರಿ. ಈ ಸಲ ಬಿದ್ದದ್ದು ಭಾನುವಾರ, ಮಕ್ಕಳು ಮನೆಯಲ್ಲಿದ್ದರು.

ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲು ಕೂರಿಸುವ ಕೆಲಸ ಅವರಿಗೆ ಅಪ್ಪನಿಂದ ಬಂದದ್ದು. ದಿನಕ್ಕೆ ಎರಡೂವರೆ ಮೀಟರ್ ಗೋಡೆ, ಅಂದರೆ ಸುಮಾರು ನಾಲ್ಕು ಟನ್ ಕಲ್ಲು. ನಲವತ್ತನಾಲ್ಕು ವರ್ಷದಿಂದ ಹೀಗೆ. ಬಲಗೈಯ ಎರಡು ಬೆರಳು ಈಗ ಮಡಚುವುದಿಲ್ಲ.

ಗೋಡೆಯ ಬುಡದಲ್ಲಿ ಅಲ್ಲಲ್ಲಿ ಗೇಣಗಲದ ಕಂಡಿ ಬಿಡುವುದು ಇಲ್ಲಿನ ವಾಡಿಕೆ. ಮೊಲ ನುಸುಳಲಿ, ಗುಡ್ಡದ ನೀರು ಹರಿದುಹೋಗಲಿ ಎಂದು. ಅದೇ ಸ್ಮೂಟ್. ಸಾವಿರ ವರ್ಷದ ಹಿಂದೆ ಕಡಲು ದಾಟಿ ಬಂದು ಇಲ್ಲಿ ನೆಲೆಸಿದವರು ನುಸುಳುವುದಕ್ಕೆ ಬಳಸುತ್ತಿದ್ದ ಮಾತಿನ ಸಂತಾನ ಇದು ಎಂದು ಬಲ್ಲವರ ಅಂದಾಜು. ಅಂಥ ಬಲ್ಲವರು ಧ್ವನಿಮುದ್ರಣ ಯಂತ್ರ ಹಿಡಿದು ಹಿಲ್ಡಾರ ಮನೆಗೂ ಬಂದಿದ್ದರು.

"ಒಂದೇ ಮಾತನ್ನ ಹನ್ನೆರಡು ಸಲ ಹೇಳಿಸಿದ್ರು. ಮಾತು ಬೇಕು ಅವ್ರಿಗೆ. ತೂತು ಯಾಕೆ ಅಂತ ಒಬ್ರೂ ಕೇಳ್ಲಿಲ್ಲ."

ಕೇಳದವರಲ್ಲಿ ಈ ಹೊಲದ ಹೊಸ ಯಜಮಾನ ನೈಜೆಲ್ ಪ್ರಿಂಗಲ್ ಕೂಡ ಒಬ್ಬರು. ಲೀಡ್ಸ್ ನಗರದಿಂದ ಬಂದವರು. ಎಲೆಕೋಸಿನ ಪಾತಿಗೆ ಮೊಲ ನುಗ್ಗುತ್ತದೆಂದು ಪ್ರತಿ ಸಲವೂ ಕಂಡಿಗೆ ಕಾಂಕ್ರೀಟ್ ತುಂಬಿದರು. ಪ್ರತಿ ಸಲವೂ ಗುಡ್ಡದ ನೀರು ಹಿಂದೆ ನಿಂತು, ಗೋಡೆಯನ್ನೇ ದಾರಿಗೆ ತಳ್ಳಿತು.

ಈಗ ಅವರೇ ಚಹಾ ಹಿಡಿದು ಬರುತ್ತಾರೆ. ಈ ಸಲ ಕಂಡಿ ಬಿಡದೆ ಕಟ್ಟಲಾಗದೇ ಎಂದು ಮೆಲ್ಲಗೆ ವಿಚಾರಿಸುತ್ತಾರೆ. ಹಿಲ್ಡಾ ಕೈಲಿದ್ದ ಕಲ್ಲು ಕೆಳಗಿಡುತ್ತಾರೆ.

"ಮೊಲಕ್ಕೆ ಬೇಲಿ ಹಾಕ್ಕೋ ಮಾರಾಯ. ನೀರಿಗೆ ಏನು ಹಾಕ್ತೀಯ? ಸ್ಮೂಟ್ ಬೇಡ ಅಂದ್ರೆ ಈಗ್ಲೇ ಮನೆಗೆ ಹೋಗ್ತೀನಿ. ಮಕ್ಕಳ ತಲೆ ಮೇಲೆ ಬೀಳೋ ಗೋಡೆ ನಾನು ಕಟ್ಟಲ್ಲ."

ಕೆಳಗೆ ಇಬ್ಬರು ಹುಡುಗಿಯರು ಚೀಲ ಕುಣಿಸುತ್ತ, ಬಿದ್ದ ಕಲ್ಲುಗಳನ್ನು ದಾಟಿ ಹೋಗುತ್ತಿದ್ದಾರೆ. ಅವರು ತಿರುವಿನಲ್ಲಿ ಮರೆಯಾಗುವವರೆಗೂ ನೈಜೆಲ್ ನೋಡುತ್ತ ನಿಲ್ಲುತ್ತಾರೆ. ಆಮೇಲೆ, ಈ ಕಾಂಕ್ರೀಟ್ ಗಡ್ಡೆಯನ್ನು ಎಲ್ಲಿ ಎಸೆಯಲಿ ಎಂದು ಕೇಳುತ್ತಾರೆ.

ಮಧ್ಯಾಹ್ನದ ಹೊತ್ತಿಗೆ ಕಂಡಿಯ ಅಕ್ಕಪಕ್ಕ ಎರಡು ನಿಲುಗಲ್ಲು, ಮೇಲೊಂದು ಚಪ್ಪಡಿ ಕೂತಿದೆ. ನೈಜೆಲ್ ಬಕೆಟ್ ತಂದು ನೀರು ಸುರಿದರೆ, ಅದು ಸದ್ದಿಲ್ಲದೆ ಆಚೆಯ ಚರಂಡಿಗೆ ಇಳಿಯುತ್ತದೆ.

ಇನ್ನೇನು ಆಸೆ ಎಂದು ನಾನು ಕೇಳಿದರೆ ಹಿಲ್ಡಾ ತಲೆ ಎತ್ತುವುದೂ ಇಲ್ಲ.

"ಈ ಜಾಗಕ್ಕೆ ನಾಲ್ಕನೇ ಸಲ ಬರೋ ಹಾಗೆ ಆಗ್ಬಾರ್ದು. ಅಷ್ಟೇ."